ವಿಡಿಯೋ ಸರಿಯಾಗಿ ಬರ್ತಿಲ್ಲ: ಮನೆಯ ಕಂಪ್ಯೂಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಂಧುಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಫೋನ್ ಬರುವುದು ನನಗೆ. "ವಿಡಿಯೋ ಸರಿಯಾಗಿ ಬರ್ತಿಲ್ಲ ಕಣೋ, ಸ್ವಲ್ಪ ನೋಡು" ಅನ್ನುವುದು ಆ ಫೋನುಗಳ ಕಾಯಂ ಪಲ್ಲವಿ. ಅದನ್ನೇ ಹೇಳಿ ಹೇಳಿ ಬಾಯಿ ಸೋತಿದೆ. ಅದಕ್ಕೇ ಒಂದು ಸಲ ಬರೆದಿಟ್ಟಿದ್ದೇನೆ.

ಮೊದಲು ಏನು ಮಾಡಲಿ?

ಏನೂ ಮಾಡಬೇಡಿ. ಮೊದಲು ಸುಮ್ಮನೆ ನೋಡಿ. "ಸರಿಯಾಗಿ ಬರ್ತಿಲ್ಲ" ಅಂದರೆ ಏನು? ಚಿತ್ರ ಮಸುಕೋ? ಓಡುತ್ತಲೇ ಎಡವುತ್ತದೋ? ನಡುವೆ ನಿಂತು ಚಕ್ರ ಸುತ್ತುತ್ತದೋ? ಬಣ್ಣ ಸಪ್ಪೆಯೋ? ಮಾತಿಗೂ ತುಟಿಗೂ ತಾಳ ತಪ್ಪಿದೆಯೋ? ಇವು ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ.

ವಿಡಿಯೋ ನಿಮ್ಮ ಕಣ್ಣಿಗೆ ಬೀಳುವ ಮೊದಲು ನಾಲ್ಕು ಕೈ ದಾಟಿ ಬರುತ್ತದೆ: ಮೂಲ ಫೈಲು, ಅದು ಬರುವ ದಾರಿ (ನೆಟ್ಟೋ, ಸಿಡಿಯೋ, ಪೆನ್‌ಡ್ರೈವೋ), ಅದನ್ನು ಬಿಡಿಸುವ ಕಂಪ್ಯೂಟರ್, ಕೊನೆಗೆ ತೋರಿಸುವ ಪರದೆ. ತಪ್ಪು ಯಾರ ಕೈಯಲ್ಲಿ ಅಂತ ಗೊತ್ತಾಗದೆ ರಿಪೇರಿಗೆ ಇಳಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದ ಹಾಗೆ. ಕಂಪ್ಯೂಟರಿನ ಫ್ಯಾನಿಗೆ ಕಸ ಕಟ್ಟಿಕೊಂಡಿದ್ದಕ್ಕೆ ನೆಟ್ ಪ್ಲಾನ್ ದೊಡ್ಡದು ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಪತ್ತೆ ಸುಲಭ. ಅದೇ ವಿಡಿಯೋವನ್ನು ಅದೇ ವೈಫೈಯಲ್ಲಿ ಫೋನಿನಲ್ಲಿ ಹಾಕಿ. ಅಲ್ಲೂ ಹಾಗೇ ಇದ್ದರೆ ತಪ್ಪು ವಿಡಿಯೋದ್ದು ಅಥವಾ ನೆಟ್ಟಿನದು. ಫೋನಿನಲ್ಲಿ ಚೆನ್ನಾಗಿದ್ದರೆ ಕಂಪ್ಯೂಟರ್ ಕಡೆ ತಿರುಗಿ, ಹಾರ್ಡ್‌ಡಿಸ್ಕಿನಲ್ಲೇ ಇರುವ ಬೇರೊಂದು ವಿಡಿಯೋ ಹಾಕಿ ನೋಡಿ. ಅದೂ ಎಡವಿದರೆ ನೆಟ್ಟಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ನಮ್ಮನೇಲಿ 100 ಎಂಬಿಪಿಎಸ್ ನೆಟ್ ಇದೆ. ಆದರೂ ಯೂಟ್ಯೂಬ್ ಮಸುಕು ಮಸುಕು. ಯಾಕೆ?

ಮೊದಲು ವಿಡಿಯೋದ ಕೆಳಗಿನ ಹಲ್ಲುಚಕ್ರದ ಗುರುತು ಒತ್ತಿ "ಕ್ವಾಲಿಟಿ" ನೋಡಿ. ಅದು "ಆಟೋ"ದಲ್ಲಿದ್ದರೆ ಯೂಟ್ಯೂಬ್ ತನಗೆ ತೋಚಿದ್ದನ್ನು ಕಳಿಸುತ್ತದೆ. ಕಿಟಕಿ ಚಿಕ್ಕದಾಗಿದ್ದರೆ ಚಿಕ್ಕ ಚಿತ್ರವೇ ಸಾಕು ಅಂದುಕೊಳ್ಳುತ್ತದೆ. ನೀವೇ 1080ಪಿ (ಮೇಲಿಂದ ಕೆಳಗೆ 1080 ಸಾಲು ಚುಕ್ಕಿ ಇರುವ ಚಿತ್ರ) ಆರಿಸಿ, ಅರ್ಧ ನಿಮಿಷ ಕಾಯಿರಿ. ಬಹಳ ಸಲ ರಿಪೇರಿ ಇಷ್ಟೇ.

ವಿಡಿಯೋ ಈಗಷ್ಟೇ ಅಪ್‌ಲೋಡ್ ಆದದ್ದಾದರೆ ದೊಡ್ಡ ಗಾತ್ರದ ಪ್ರತಿ ಇನ್ನೂ ತಯಾರಾಗಿರುವುದಿಲ್ಲ. ಮೊದಲು ಬರುವುದು ಚಿಕ್ಕದೇ. ಒಂದಷ್ಟು ಹೊತ್ತು ಬಿಟ್ಟು ನೋಡಿ.

ಇನ್ನು ಆ 100ರ ಲೆಕ್ಕ. ಅದು ಬಿಟ್‌ಗಳ ಲೆಕ್ಕ, ಬೈಟ್‌ಗಳದ್ದಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ಅಷ್ಟಾದರೂ ವಿಡಿಯೋಗೆ ಧಾರಾಳ: ನೆಟ್‌ಫ್ಲಿಕ್ಸ್ ಕೇಳುವುದೇ 1080ಪಿಗೆ 5 ಎಂಬಿಪಿಎಸ್, ಅದರ ನಾಲ್ಕರಷ್ಟು ಚುಕ್ಕಿ ಇರುವ 4ಕೆಗೆ 15. ಅಂದರೆ ಮನೆ ಬಾಗಿಲವರೆಗೆ ಬಂದ ನೀರು ನಲ್ಲಿವರೆಗೆ ಬರುತ್ತಿಲ್ಲ. ರೂಟರ್ ಹಾಲಿನಲ್ಲಿದೆ, ನೀವು ಎರಡು ಗೋಡೆ ಆಚೆ ಇದ್ದೀರಿ. ರೂಟರಿನಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಅಲೆ ಇರುತ್ತವೆ. 2.4 ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರದ್ದೆಲ್ಲ ಅದರಲ್ಲೇ ಸಂತೆ. ಮೈಕ್ರೋವೇವ್ ಓವನ್ ಕೂಡ ಅದೇ ಸಂತೆಗೆ ಬಂದು ಗಲಾಟೆ ಮಾಡುತ್ತದೆ. 5 ವೇಗ ಹೆಚ್ಚು, ಗೋಡೆ ಕಂಡರೆ ಸೊರಗುತ್ತದೆ. ಒಂದು ದಿನ ಲ್ಯಾನ್ ಕೇಬಲ್ ಹಾಕಿ ನೋಡಿ. ಅದರಲ್ಲಿ ಸರಿಹೋದರೆ ತಪ್ಪು ವೈಫೈಯದ್ದು, ನೆಟ್ ಕೊಟ್ಟವರದ್ದಲ್ಲ.

ಯೂಟ್ಯೂಬಿನಲ್ಲಿ ತಪ್ಪು ನೆಟ್ಟಿನದೋ ಕಂಪ್ಯೂಟರಿನದೋ ಅಂತ ಖಚಿತವಾಗಿ ಹೇಗೆ ತಿಳಿಯುವುದು?

ಇದು ನನ್ನ ಮೆಚ್ಚಿನ ಪ್ರಶ್ನೆ. ಉತ್ತರ ಯೂಟ್ಯೂಬಿನ ಒಳಗೇ ಇದೆ, ಯಾರೂ ಒತ್ತುವುದಿಲ್ಲ ಅಷ್ಟೆ. ಓಡುತ್ತಿರುವ ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಅಂತಿರುತ್ತದೆ. ಒತ್ತಿದರೆ ಮೂಲೆಯಲ್ಲಿ ಕಪ್ಪು ಚೌಕದಲ್ಲಿ ಒಂದಷ್ಟು ಸಂಖ್ಯೆ ಬರುತ್ತವೆ. ಹೆದರಬೇಡಿ, ನಮಗೆ ಬೇಕಾದ್ದು ನಾಲ್ಕೇ ಸಾಲು.

"ಕರೆಂಟ್, ಆಪ್ಟಿಮಲ್ ರೆಸ್" ಸಾಲಿನಲ್ಲಿ ಈಗ ಬರುತ್ತಿರುವ ಚಿತ್ರದ ಅಳತೆ ಇರುತ್ತದೆ. 640×360 ಅಂತಿದ್ದರೆ ಮಸುಕಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. "ಬಫರ್ ಹೆಲ್ತ್" ಅಂದರೆ ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಈಗಾಗಲೇ ಬಂದು ಕೂತಿದೆ ಅನ್ನುವುದು. ಅದು ಪದೇ ಪದೇ ಸೊನ್ನೆಗೆ ಇಳಿದು ಚಕ್ರ ಸುತ್ತಿದರೆ ನೆಟ್ ಸೋಲುತ್ತಿದೆ. "ಫ್ರೇಮ್ಸ್" ಸಾಲಿನಲ್ಲಿ "ಡ್ರಾಪ್ಡ್" ಅನ್ನುವ ಸಂಖ್ಯೆ ನೋಡಿ: ಕಂಪ್ಯೂಟರ್ ಬಿಡಿಸಿ ಮುಗಿಸಲಾಗದೆ ಕೈಬಿಟ್ಟ ಚಿತ್ರಗಳ ಲೆಕ್ಕ ಅದು. ಶುರುವಿನಲ್ಲಿ ಐದಾರು ಬಿದ್ದರೆ ಪರವಾಗಿಲ್ಲ. ಕಣ್ಣೆದುರಿಗೇ ಆಟೋ ಮೀಟರಿನ ಹಾಗೆ ಏರುತ್ತಿದ್ದರೆ ನೆಟ್ ಪಾಪ ತನ್ನ ಕೆಲಸ ಮಾಡಿದೆ, ಕಂಪ್ಯೂಟರಿಗೆ ಉಸಿರು ಸಾಲುತ್ತಿಲ್ಲ.

ನಾಲ್ಕನೆಯದು "ಕೋಡೆಕ್ಸ್". ಅದಕ್ಕೆ ಮುಂದಿನ ಉತ್ತರ ಓದಿ.

ಚಕ್ರ ಸುತ್ತುವುದಿಲ್ಲ. ಆದರೆ ವಿಡಿಯೋ ಎಡವುತ್ತೆ, ಫ್ಯಾನ್ ವಿಮಾನದ ಹಾಗೆ ಕೂಗುತ್ತೆ.

ವಿಡಿಯೋವನ್ನು ಇದ್ದ ಹಾಗೇ ಕಳಿಸಿದರೆ ಯಾವ ನೆಟ್ಟೂ ಸಾಲದು. ಅದಕ್ಕೇ ಮಡಚಿ, ಒತ್ತಿ, ಗಂಟು ಕಟ್ಟಿ ಕಳಿಸುತ್ತಾರೆ. ಗಂಟು ಕಟ್ಟುವ, ಬಿಚ್ಚುವ ಆ ಕ್ರಮಕ್ಕೇ ಕೋಡೆಕ್ ಅನ್ನುವುದು. 2003ರಲ್ಲಿ ಬಂದದ್ದು ಎಚ್.264. 2013ರಲ್ಲಿ ಎಚ್‌ಇವಿಸಿ ಮತ್ತು ಗೂಗಲ್‌ನ ವಿಪಿ9 ಬಂದವು. 2018ರಲ್ಲಿ ಎವಿ1. ಹೊಸದಾದಷ್ಟೂ ಗಂಟು ಚಿಕ್ಕದು, ಬಿಚ್ಚುವ ಶ್ರಮ ಹೆಚ್ಚು.

ಬಿಚ್ಚಲು ಎರಡು ದಾರಿ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಅದಕ್ಕೆಂದೇ ಮಾಡಿದ ಭಾಗವಿದ್ದರೆ ಸದ್ದಿಲ್ಲದೆ ಮುಗಿಸುತ್ತದೆ. ಇಲ್ಲದಿದ್ದರೆ ಆ ಹೊರೆ ಪೂರ್ತಿ ಪ್ರೊಸೆಸರ್ ಮೇಲೆ. ಆಗ ಬಿಸಿ, ಆಗಲೇ ಫ್ಯಾನಿನ ಕೂಗು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಚ್‌ಇವಿಸಿ ಬಿಚ್ಚುವ ಪೂರ್ಣ ಸೌಕರ್ಯ ಬಂದದ್ದು 6ನೇ ತಲೆಮಾರಿನಲ್ಲಿ, ಹೆಚ್ಚು ಬಣ್ಣಛಾಯೆಯ 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಎರಡಕ್ಕೂ 7ನೇ ತಲೆಮಾರು ಬೇಕು, ಎವಿ1ಗೆ 11ನೆಯದು. ಎನ್‌ವಿಡಿಯಾ ಕಾರ್ಡುಗಳಲ್ಲಿ ಎವಿ1 ಬಂದದ್ದು 2020ರ ಆರ್‌ಟಿಎಕ್ಸ್ 30 ಸಾಲಿನಿಂದ.

ಈಗ "ಕೋಡೆಕ್ಸ್" ಸಾಲಿಗೆ ಬನ್ನಿ. ಅದರಲ್ಲಿ ಎವಿ01 ಅಂತಿದ್ದು ನಿಮ್ಮದು 4ನೇ ತಲೆಮಾರಿನ ಐ3 ಆಗಿದ್ದರೆ ಕಳ್ಳ ಸಿಕ್ಕಿದ. ಮದ್ದು ಉಚಿತ: ಬ್ರೌಸರಿಗೆ ಸೇರಿಸಿಕೊಳ್ಳುವ "ಎಚ್264ಇಫೈ" ಅನ್ನುವ ಎಕ್ಸ್‌ಟೆನ್ಷನ್ ಇದೆ. ಹಾಕಿಕೊಂಡರೆ ಯೂಟ್ಯೂಬ್ ಹಳೆಯ ಎಚ್.264 ಗಂಟನ್ನೇ ಕಳಿಸುತ್ತದೆ, ಹಳೆಯ ಚಿಪ್ಪು ಅದನ್ನು ಸಲೀಸಾಗಿ ಬಿಚ್ಚುತ್ತದೆ. ಯೂಟ್ಯೂಬ್ ಎಚ್.264 ಕೊಡುವುದು 1080ಪಿವರೆಗೆ ಮಾತ್ರ, ಆದ್ದರಿಂದ 4ಕೆ ಸಿಗದು. ನಷ್ಟವೇನಿಲ್ಲ. ನಮ್ಮಲ್ಲಿ ಎಷ್ಟೋ ಲ್ಯಾಪ್‌ಟಾಪುಗಳ ಪರದೆಯೇ 1366×768. ಅದರ ಎಂಟರಷ್ಟು ಚುಕ್ಕಿ ಇರುವ 4ಕೆ ತರಿಸಿ, ಕುಗ್ಗಿಸಿ ನೋಡುವುದು ಕೊಡದಲ್ಲಿ ನೀರು ತಂದು ಲೋಟಕ್ಕೆ ಸುರಿದ ಹಾಗೆ.

ಇನ್ನೊಂದು: ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ನೋಡುತ್ತಿದ್ದೀರಾ? ಗಾಳಿ ಹೋಗುವ ಕಿಂಡಿ ಮುಚ್ಚಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಡವಿದರೆ ನನ್ನ ಅನುಮಾನ ಹೋಗುವುದು ಅಲ್ಲಿಗೇ. ಚಾರ್ಜರ್ ತೆಗೆದಾಗ ಮಾತ್ರ ಎಡವಿದರೆ ಬ್ಯಾಟರಿ ಸೇವರ್ ನೋಡಿ.

"ಹಾರ್ಡ್‌ವೇರ್ ಆಕ್ಸಿಲರೇಷನ್" ಆನ್ ಇರಬೇಕೋ ಆಫ್ ಇರಬೇಕೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಆನ್ ಇರಬೇಕು. ಮೇಲೆ ಹೇಳಿದ ವಿಶೇಷ ಭಾಗವನ್ನು ಬಳಸು ಅನ್ನುವ ಅಪ್ಪಣೆ ಅದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗಿದೆ. ವಿಎಲ್‌ಸಿ ಅನ್ನುವ ಉಚಿತ ವಿಡಿಯೋ ಪ್ಲೇಯರಿನಲ್ಲಿ ಪ್ರಿಫರೆನ್ಸಸ್, "ಇನ್‌ಪುಟ್, ಕೋಡೆಕ್ಸ್" ಒಳಗಿದೆ. ಆಫ್ ಮಾಡಿ ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ವಿಂಡೋಸ್ ಕೈಗೆ ಒಗ್ಗಿಸುವ ಸಾಫ್ಟ್‌ವೇರ್) ಕೆಟ್ಟಿದ್ದಾಗ ಹಸಿರು ಪರದೆ, ಚೌಕಳಿ, ಮಿಣುಕು ಬರುತ್ತವೆ. ಆಫ್ ಮಾಡಿದರೆ ಹೋಗುತ್ತವೆ. ಆದರೆ ಅದು ಪತ್ತೆಗೆ ಮಾತ್ರ. ಆಫ್ ಮಾಡಿದಾಗ ಸರಿಹೋಯಿತು ಅಂದರೆ ಡ್ರೈವರ್ ಹೊಸದು ಹಾಕಿ, ಮತ್ತೆ ಆನ್ ಮಾಡಿ.

ಕೆಲಸ ನಡೆಯುತ್ತಿದೆಯೇ ಅಂತ ನೋಡಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು "ಪರ್ಫಾರ್ಮೆನ್ಸ್", ಅದರಲ್ಲಿ "ಜಿಪಿಯು" ಒತ್ತಿ. "ವಿಡಿಯೋ ಡಿಕೋಡ್" ಅನ್ನುವ ರೇಖೆ ವಿಡಿಯೋ ಓಡುವಾಗ ಮೇಲೇಳಬೇಕು. ಅದು ಮಲಗಿದ್ದು ಸಿಪಿಯು (ಅಂದರೆ ಪ್ರೊಸೆಸರ್) ಮಾತ್ರ ಶೇಕಡಾ 90ರ ಮೇಲೆ ಕೂತಿದ್ದರೆ ಹೊರೆ ತಪ್ಪು ಹೆಗಲ ಮೇಲಿದೆ.

ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದೆ. ಅವತ್ತಿನಿಂದ ಎಲ್ಲ ವಿಡಿಯೋನೂ ಎಡವುತ್ತೆ.

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಆದದ್ದು ಇದೇ. ಅಂಗಡಿಯವನು ವಿಂಡೋಸ್ ಹಾಕಿ, ದುಡ್ಡು ತಗೊಂಡು, ಗ್ರಾಫಿಕ್ಸ್ ಡ್ರೈವರ್ ಹಾಕುವುದನ್ನು ಮರೆತಿದ್ದ. ಕೇಳಿದರೆ "ಹಾರ್ಡ್‌ಡಿಸ್ಕ್ ಹೋಗಿದೆ ಸರ್" ಅಂದನಂತೆ. ಡಿವೈಸ್ ಮ್ಯಾನೇಜರ್ ತೆರೆದು "ಡಿಸ್‌ಪ್ಲೇ ಅಡಾಪ್ಟರ್ಸ್" ನೋಡಿ. ಅಲ್ಲಿ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಚಿತ್ರ ಬರುವಷ್ಟಕ್ಕೆ ಮಾತ್ರ ಏರ್ಪಾಡಾಗಿದೆ, ಆಕ್ಸಿಲರೇಷನ್ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್ ಹುಡುಕಿ ಅಲ್ಲಿಯ ಡ್ರೈವರನ್ನೇ ಹಾಕಿ. "ಡ್ರೈವರ್ ಅಪ್‌ಡೇಟರ್" ಅಂತ ಜಾಹೀರಾತು ಮಾಡುವ ಸಾಫ್ಟ್‌ವೇರ್ ಕಡೆ ಹೋಗಬೇಡಿ.

ನಮ್ಮ ಮದುವೆ ಸಿಡಿ ಹಾಕಿದರೆ ಮುಖವೇ ಗುರುತು ಸಿಗಲ್ಲ. ಆಗ ಟಿವಿಯಲ್ಲಿ ಎಷ್ಟು ಚೆನ್ನಾಗಿ ಕಾಣ್ತಿತ್ತು!

ಆಗಲೂ ಅಷ್ಟೇ ಇತ್ತು, ಟಿವಿ ಚಿಕ್ಕದಿತ್ತು. ಆ ಕಾಲದಲ್ಲಿ ಸ್ಟುಡಿಯೋದವರು ಕೊಡುತ್ತಿದ್ದದ್ದು ಸಾಮಾನ್ಯವಾಗಿ ವಿಸಿಡಿ. ಪಾಲ್ ಅನ್ನುವ ನಮ್ಮ ಟಿವಿ ಪದ್ಧತಿಯಲ್ಲಿ ಅದರ ಚಿತ್ರದ ಅಳತೆ 352×288. ಇವತ್ತಿನ ಫುಲ್ ಎಚ್‌ಡಿ ಪರದೆ ತುಂಬಬೇಕಾದರೆ ಅದರ ಒಂದೊಂದು ಚುಕ್ಕಿಯೂ ಇಪ್ಪತ್ತು ಚುಕ್ಕಿಯ ಜಾಗಕ್ಕೆ ಹಿಗ್ಗಬೇಕು. ಧಾರೆ ಎರೆಯುವಾಗ ಅಜ್ಜಿಯ ಮುಖ ಹಿಟ್ಟಿನ ಮುದ್ದೆಯ ಹಾಗೆ ಕಾಣುವುದು ಅದಕ್ಕೇ. ಪೂರ್ತಿ ಪರದೆಗೆ ಹಿಗ್ಗಿಸದೆ ಕಾಲುಭಾಗದ ಕಿಟಕಿಯಲ್ಲಿ, ಸ್ವಲ್ಪ ದೂರ ಕೂತು ನೋಡಿ. ಎಷ್ಟೋ ವಾಸಿ ಅನ್ನಿಸುತ್ತದೆ.

ಅಲ್ಲಲ್ಲಿ ನಿಂತು, ಕರಕರ ಸದ್ದು ಮಾಡಿ ಮುಂದೆ ಹಾರಿದರೆ ತಪ್ಪು ಸಿಡಿಯದ್ದು. ಡ್ರೈವ್ ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ನೇರ ಸಿಡಿಯಿಂದ ಓಡಿಸಬೇಡಿ. ಸಿಡಿ ತೆರೆದರೆ "ಎಂಪೆಗ್‌ಎವಿ" ಅನ್ನುವ ಫೋಲ್ಡರಿನಲ್ಲಿ "ಡ್ಯಾಟ್" ಅಂತ ಕೊನೆಯಾಗುವ ದೊಡ್ಡ ಫೈಲ್ ಇರುತ್ತದೆ. ಅದನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ವಿಎಲ್‌ಸಿಯಲ್ಲಿ ಹಾಕಿ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಡ್ರೈವ್ ಓದುವುದುಂಟು, ನೆಂಟರ ಮನೆಯ ಹಳೆಯ ಕಂಪ್ಯೂಟರಿನಲ್ಲೂ ಒಮ್ಮೆ ಯತ್ನಿಸಿ. ಸಿಡಿಯ ಹೊಳೆಯುವ ಕಡೆಯನ್ನಷ್ಟೇ ಎಲ್ಲರೂ ಜೋಪಾನ ಮಾಡುತ್ತಾರೆ. ವಿಷಯ ಇರುವ ಪದರ ಹೆಸರು ಬರೆಯುವ ಕಡೆಗೇ ಅಂಟಿಕೊಂಡಿರುತ್ತದೆ, ಅಲ್ಲಿ ಕೆರೆದರೆ ವಾಪಸ್ ಬರುವುದಿಲ್ಲ. ಹಾಗಾಗಿ ಚೆನ್ನಾಗಿ ಓದುತ್ತಿರುವಾಗಲೇ ಎರಡು ಕಡೆ ಕಾಪಿ ಇಟ್ಟುಕೊಳ್ಳಿ.

ನಿಮ್ಮದು ಡಿವಿಡಿ ಆಗಿದ್ದು, ಯಾರಾದರೂ ನಡೆದಾಡಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಕಂಡರೆ ಅದು ಬೇರೆ ಕಥೆ. ಹಳೆಯ ಟಿವಿಗಳು ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುತ್ತಿದ್ದವು: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಸೆಕೆಂಡಿಗೆ 25 ಚಿತ್ರ, 50 ಕಂತು. ಕಂಪ್ಯೂಟರ್ ಎರಡೂ ಕಂತನ್ನು ಒಟ್ಟಿಗೆ ತೋರಿಸಿದಾಗ, ಆ ನಡುವೆ ಕೈ ಅಲ್ಲಾಡಿದ್ದರೆ ಹಲ್ಲು ಮೂಡುತ್ತದೆ. ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ "ಡೀಇಂಟರ್ಲೇಸ್" ಆನ್ ಮಾಡಿ, ವಿಧಾನದಲ್ಲಿ "ಯಾಡಿಫ್" ಆರಿಸಿ. ಹಲ್ಲು ಮಾಯ.

ಹಳೆಯ ಸಿನಿಮಾ, 1080ಪಿ ಅಂತ ಬರೆದಿದೆ, ಆದರೂ ಮಂಜು ಮಂಜು.

ವಿಸಿಡಿಯಿಂದ ತೆಗೆದದ್ದನ್ನು ದೊಡ್ಡದು ಮಾಡಿ ಹಾಕಿರುತ್ತಾರೆ. ತೆಳ್ಳಗಿನ ಸಾರನ್ನು ದೊಡ್ಡ ಪಾತ್ರೆಗೆ ಹಾಕಿದರೆ ಹುಳಿ ಆಗುವುದಿಲ್ಲ. ಎಲ್ಲರೂ ದಪ್ಪಗೆ ಕಂಡರೆ 4:3 ಚಿತ್ರವನ್ನು 16:9ಕ್ಕೆ ಎಳೆದಿದ್ದಾರೆ. ನಿಮ್ಮ ಕಡೆ ರಿಪೇರಿ ಏನೂ ಇಲ್ಲ, ಬೇರೆಯವರು ಹಾಕಿದ ಪ್ರತಿ ಹುಡುಕಿ.

ಫೋನಿನಲ್ಲಿ ತೆಗೆದ ವಿಡಿಯೋ ಕಂಪ್ಯೂಟರಿಗೆ ಹಾಕಿದರೆ ಎಡವುತ್ತೆ, ಕೆಲವು ಸಲ ಶಬ್ದ ಮಾತ್ರ ಬರುತ್ತೆ.

ಐಫೋನುಗಳು 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡಬಲ್ಲವು, ಈಗ ಆಂಡ್ರಾಯ್ಡ್ ಫೋನುಗಳಲ್ಲೂ ಅದು ಮಾಮೂಲು. ವಿಂಡೋಸಿನ ಸ್ವಂತ ಪ್ಲೇಯರಿಗೆ ಅದು ಗೊತ್ತಿಲ್ಲದಿದ್ದರೆ ಶಬ್ದ ಮಾತ್ರ ಬರುತ್ತದೆ. ವಿಎಲ್‌ಸಿ ಹಾಕಿ, ಅದಕ್ಕೆ ಗೊತ್ತು. ಗೊತ್ತಿದ್ದೂ ಎಡವಿದರೆ ಚಿಪ್ಪು ಹಳೆಯದು. ಸೆಕೆಂಡಿಗೆ 60 ಫ್ರೇಮಿನ 4ಕೆ ವಿಡಿಯೋ ಐಫೋನಿನಲ್ಲಿ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ, ಹಳೆಯ ಪ್ರೊಸೆಸರಿಗೆ ಅದು ಬೆಟ್ಟ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ 1080ಪಿ ಎಚ್.264ಗೆ ಬದಲಿಸಿ ನೋಡಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಫೋನಿಗೆ ಕೇಬಲ್ ಹಾಕಿಕೊಂಡು ಅಲ್ಲಿಂದಲೇ ಓಡಿಸುವುದೂ ಬೇಡ, ಮೊದಲು ಕಾಪಿ ಆಗಲಿ.

ಅದೇ ವಿಡಿಯೋ ವಾಟ್ಸಾಪಿನಲ್ಲಿ ಬಂದದ್ದಾದರೆ ಈ ಯಾವ ಕಷ್ಟವೂ ಇಲ್ಲ, ಯಾಕೆಂದರೆ ವಾಟ್ಸಾಪ್ ಅದನ್ನು ದಾರಿಯಲ್ಲೇ ಹಿಂಡಿ ಹಿಪ್ಪೆ ಮಾಡಿರುತ್ತದೆ, ಚಿತ್ರ ಮಾತ್ರ ಮಸುಕು. ಕಳಿಸುವವರಿಗೆ "ಡಾಕ್ಯುಮೆಂಟ್" ಆಗಿ ಕಳಿಸಲು ಹೇಳಿ. 2 ಜಿಬಿವರೆಗೆ ಇದ್ದ ಹಾಗೇ ಬರುತ್ತದೆ.

ಮಾತು ಮುಂದೆ, ತುಟಿ ಹಿಂದೆ. ಕೆಲವು ಸಲ ತುಟಿ ಮುಂದೆ, ಮಾತು ಹಿಂದೆ.

ಬ್ಲೂಟೂತ್ ಹೆಡ್‌ಫೋನೋ ಸ್ಪೀಕರೋ ಇದ್ದರೆ ಮೊದಲು ಅದನ್ನು ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಮಾತೇ ಹಿಂದೆ ಬೀಳುತ್ತದೆ. ಫೈಲಿನಲ್ಲೇ ತಪ್ಪಿದ್ದರೆ ವಿಎಲ್‌ಸಿಯಲ್ಲಿ ಕೀಬೋರ್ಡಿನ ಜೆ ಮತ್ತು ಕೆ ಗುಂಡಿ ಒಂದೊಂದು ಒತ್ತಿಗೆ ಶಬ್ದವನ್ನು 50 ಮಿಲಿಸೆಕೆಂಡ್ ಆಚೀಚೆ ಸರಿಸುತ್ತವೆ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಹೆಚ್ಚಿದರೆ ಪ್ರೊಸೆಸರ್ ಸೋಲುತ್ತಿದೆಯೇ ನೋಡಿ, ಇಲ್ಲದಿದ್ದರೆ ಆ ಫೈಲನ್ನು ಮಾಡಿದವರೇ ಕೆಡಿಸಿದ್ದಾರೆ.

ಕಂಪ್ಯೂಟರನ್ನು ಟಿವಿಗೆ ಎಚ್‌ಡಿಎಂಐಯಲ್ಲಿ ಜೋಡಿಸಿದರೆ ಕಪ್ಪು ಕಪ್ಪಾಗಿಲ್ಲ, ಬೂದಿ ಬಣ್ಣ. ಚಿತ್ರದ ಅಂಚೂ ಕತ್ತರಿಸಿದೆ.

ವಿಡಿಯೋ ಲೋಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೋಕದಲ್ಲಿ 0 ಮತ್ತು 255. ಕಂಪ್ಯೂಟರ್ ಮೊದಲನೆಯ ಲೆಕ್ಕದಲ್ಲಿ ಕಳಿಸಿ ಟಿವಿ ಎರಡನೆಯ ಲೆಕ್ಕದಲ್ಲಿ ಓದಿದರೆ 16 ಅದಕ್ಕೆ ಬೂದಿಯಾಗಿ ಕಾಣುತ್ತದೆ. ಬಣ್ಣ ನೀರು ಮಜ್ಜಿಗೆ ಆಗುವುದು ಹೀಗೆ. ತಿರುವುಮುರುವಾದರೆ ನೆರಳೆಲ್ಲ ಮಸಿ. ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಆರ್‌ಜಿಬಿ "ಫುಲ್" ಅಥವಾ "ಲಿಮಿಟೆಡ್" ಅಂತಿರುತ್ತದೆ, ಟಿವಿಯಲ್ಲೂ "ಬ್ಲ್ಯಾಕ್ ಲೆವೆಲ್" ಅಥವಾ ಅಂಥದೇ ಹೆಸರಿನಲ್ಲಿ ಇರುತ್ತದೆ. ಎರಡೂ ಒಂದೇ ಭಾಷೆ ಆಡಬೇಕು, ಅಷ್ಟೇ. ವಿಂಡೋಸಿನ ಎಚ್‌ಡಿಆರ್ (ಹೊಳಪು, ಬಣ್ಣದ ವ್ಯಾಪ್ತಿ ಹೆಚ್ಚಿಸುವ ಸೌಕರ್ಯ) ಸುಮ್ಮನೆ ಆನ್ ಆಗಿದ್ದರೂ ಬಣ್ಣ ಸಪ್ಪೆಯಾಗುತ್ತದೆ, ಅದನ್ನೂ ಆಫ್ ಮಾಡಿ ನೋಡಿ. ಅಂಚು ಕತ್ತರಿಸಿದ್ದಕ್ಕೆ ಟಿವಿಯ ಚಿತ್ರದ ಅಳತೆಯಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಆರಿಸಿ.

4ಕೆ ಟಿವಿಯಲ್ಲಿ ಮೌಸೇ ಎಳೆದಾಡಿದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಷ್ಟು ಹರ್ಟ್ಸ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ಇದೆ ನೋಡಿ. ಹಳೆಯ ಎಚ್‌ಡಿಎಂಐ 1.4 ದಾರಿಯಲ್ಲಿ 4ಕೆ 30 ಹರ್ಟ್ಸ್‌ವರೆಗೆ ಮಾತ್ರ. 60 ಬೇಕಾದರೆ ಎಚ್‌ಡಿಎಂಐ 2.0 ಕಂಪ್ಯೂಟರಿನಲ್ಲೂ ಟಿವಿಯಲ್ಲೂ ಇರಬೇಕು. ಇಲ್ಲವಾದರೆ ಮರ್ಯಾದೆಯಾಗಿ 1080ಪಿಗೆ ಇಳಿಸಿ.

ಓಟಿಟಿ ಸಿನಿಮಾ ಟಿವಿಯಲ್ಲಿ ಚೆನ್ನಾಗಿದೆ, ಅದೇ ಖಾತೆ ಕಂಪ್ಯೂಟರಿನಲ್ಲಿ ಮಸುಕು ಯಾಕೆ?

ಕಳ್ಳಕಾಪಿಯ ಭಯ. ಬ್ರೌಸರ್, ಗ್ರಾಫಿಕ್ಸ್ ಚಿಪ್ಪು, ಕೇಬಲ್, ಪರದೆ ಎಲ್ಲವೂ ರಕ್ಷಣೆಯ ಕಟ್ಟುಪಾಡಿಗೆ ಒಪ್ಪಿದರೆ ಮಾತ್ರ ದೊಡ್ಡ ಗಾತ್ರದ ಚಿತ್ರ ಕಳಿಸುತ್ತಾರೆ. ದುಡ್ಡು ಕೊಟ್ಟವರ ಮೇಲೇ ಈ ಅನುಮಾನ ಅನ್ನುವುದು ನನಗೂ ಸಿಟ್ಟು ತರಿಸುತ್ತದೆ. ವಿಂಡೋಸಿನಲ್ಲಿದ್ದರೆ ಎಡ್ಜ್ ಬ್ರೌಸರಿನಲ್ಲೋ ಆ ಕಂಪನಿಯ ಆ್ಯಪ್‌ನಲ್ಲೋ ನೋಡಿ, ಬಹಳ ಸಲ ಒಂದು ಮೆಟ್ಟಿಲು ಮೇಲೆ ಸಿಗುತ್ತದೆ. ಶಬ್ದ ಬಂದು ಚಿತ್ರ ಪೂರ್ತಿ ಕಪ್ಪಾದರೆ ಮಧ್ಯೆ ಹಾಕಿದ ಎಚ್‌ಡಿಎಂಐ ಸ್ಪ್ಲಿಟರ್, ಹಳೆಯ ಪ್ರೊಜೆಕ್ಟರ್ ತೆಗೆದು ನೋಡಿ. ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ.

ಕೋಡೆಕ್ ಪ್ಯಾಕ್ ಹಾಕಿಸಬೇಕಾ?

ಬೇಡ. ವಿಎಲ್‌ಸಿ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತದೆ. "ಈ ವಿಡಿಯೋ ನೋಡಲು ಈ ಕೋಡೆಕ್ ಇಳಿಸಿಕೊಳ್ಳಿ" ಅನ್ನುವ ತಾಣ ಕಂಡರೆ ಕಿಟಕಿ ಮುಚ್ಚಿ. ಅದು ವೈರಸ್ ಕೊಡುವವರ ಹಳೇ ವರಸೆ.

ರ್‍ಯಾಮ್ ಹಾಕಿಸಲಾ? ಎಸ್‌ಎಸ್‌ಡಿ ಹಾಕಿಸಲಾ? ಹೊಸ ಕಂಪ್ಯೂಟರೇ ತಗೊಳ್ಳಲಾ?

ಟಾಸ್ಕ್ ಮ್ಯಾನೇಜರನ್ನೇ ಕೇಳಿ. ವಿಡಿಯೋ ಎಡವುವ ಹೊತ್ತಿಗೆ ಸರಿಯಾಗಿ ಮೆಮೊರಿ ತುಂಬಿ ಡಿಸ್ಕ್ 100ರಲ್ಲಿ ಕೂತಿದ್ದರೆ 4 ಜಿಬಿಯನ್ನು 8 ಮಾಡಿಸಿ, ಎಸ್‌ಎಸ್‌ಡಿ ಹಾಕಿಸಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಸಿಪಿಯು ಮಾತ್ರ ಏದುಸಿರು ಬಿಡುತ್ತಿದ್ದರೆ ಇವೆರಡೂ ಕಂಪ್ಯೂಟರನ್ನು ಬೇಗ ಆನ್ ಮಾಡಿಸುತ್ತವೆಯೇ ಹೊರತು ವಿಡಿಯೋ ಗಂಟನ್ನು ಬಿಚ್ಚಿಕೊಡುವುದಿಲ್ಲ. ಹಳೆಯ ಡೆಸ್ಕ್‌ಟಾಪಿಗೆ ಬರೀ ಯೂಟ್ಯೂಬ್ ನೋಡಲು ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ. ಎಚ್264ಇಫೈ ಹಾಕಿಕೊಂಡು, ಫ್ಯಾನಿನ ಧೂಳು ತೆಗೆಸಿ, 720ಪಿಯಲ್ಲಿ ಇನ್ನೆರಡು ವರ್ಷ ತಳ್ಳಬಹುದು.

ಕೊಳ್ಳಲೇಬೇಕು ಅಂತಾದರೆ ಅಂಗಡಿಯವರು "ಐ5 ಸರ್, ಸೂಪರ್" ಅಂದಾಗ ತಲೆಯಾಡಿಸಬೇಡಿ. ಐ5 ಅನ್ನುವ ಹೆಸರು 2009ರಿಂದ ಇದೆ. ಯಾವ ತಲೆಮಾರಿನದು ಅಂತ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಅಲ್ಲೇ ಒಂದು 4ಕೆ ಯೂಟ್ಯೂಬ್ ವಿಡಿಯೋ ಹಾಕಿಸಿ, ಬಲಗುಂಡಿ ಒತ್ತಿ, ಡ್ರಾಪ್ಡ್ ಫ್ರೇಮ್ಸ್ ಐದು ನಿಮಿಷ ನೋಡುತ್ತಾ ನಿಂತುಕೊಳ್ಳಿ. ಅವರು ಟೀ ತರಿಸಿದರೆ ಕುಡಿಯಿರಿ, ಕಣ್ಣು ಮಾತ್ರ ಆ ಸಂಖ್ಯೆ ಮೇಲಿರಲಿ.